ಉನ್ನತ ಸ್ತರದ ಭಾಷೆಗಳಲ್ಲಿ ಸ್ವಂತ ಕಾರ್ಯಾಚರಣ ವ್ಯವಸ್ಥೆ: ಲಾಭವೆಷ್ಟು, ವೆಚ್ಚವೆಷ್ಟು?

ಬಿಲ್ಲು ಮುದ್ರಿಸುವ ಯಂತ್ರ, ವಿದ್ಯುನ್ಮಾನ ತಕ್ಕಡಿ, ನಿಯಂತ್ರಣ ಪೆಟ್ಟಿಗೆ ಮುಂತಾದ ಉಪಕರಣಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೆ, ಅವುಗಳಿಗೆ ಸ್ವಂತ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿಕೊಳ್ಳುವ ಆಲೋಚನೆ ಬರುವುದು ಸಹಜ. ಸಿ-ಶಾರ್ಪ್, ಜಾವಾಗಳಂತಹ ಭಾಷೆಗಳಲ್ಲಿಯೇ ಇದು ಸಾಧ್ಯವೆಂದು ತಂತ್ರಜ್ಞರು ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ ಲೆಕ್ಕ ಮಾತ್ರ.

ವಿಂಡೋಸ್, ಲಿನಕ್ಸ್‌ಗಳ ತಿರುಳು ಬಹುಪಾಲು ಸಿ ಭಾಷೆಯಲ್ಲಿದೆ. ಸಿ ಭಾಷೆಯಲ್ಲಿ ಬರೆಯುವವನಿಗೆ ಗೋದಾಮಿನ ಬೀಗದ ಕೈಯನ್ನೇ ಕೊಟ್ಟಂತೆ: ಮೆಮೊರಿಯ ಯಾವ ಮೂಲೆಗಾದರೂ ಹೋಗಬಹುದು, ತಪ್ಪಿ ಬೇರೆಯವರ ಸರಕಿನ ಮೇಲೆ ತನ್ನದನ್ನು ಪೇರಿಸಲೂಬಹುದು. ಭದ್ರತಾ ಲೋಪಗಳಲ್ಲಿ ಬಹುಭಾಗ ಹುಟ್ಟುವುದು ಇಲ್ಲಿಯೇ. ತನ್ನ ತಂತ್ರಾಂಶಗಳ ಲೋಪಗಳಲ್ಲಿ ಶೇ. 70ರಷ್ಟು ಈ ಬಗೆಯವೆಂದು ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ತಿಳಿಸಿತ್ತು. ಮ್ಯಾನೇಜ್ಡ್ ಭಾಷೆಗಳಲ್ಲಾದರೋ ಬಾಗಿಲಲ್ಲೊಬ್ಬ ಉಗ್ರಾಣಿಯಿದ್ದಾನೆ. ಜಾಗ ಅಳೆದು ಕೊಡುವವನೂ ಅವನೇ, ಬಳಕೆ ಮುಗಿದದ್ದನ್ನು ತೆರವುಗೊಳಿಸುವವನೂ ಅವನೇ.

ತೊಡಕೆಂದರೆ, ಆ ಉಗ್ರಾಣಿಯೂ ಸಾಮಾನ್ಯವಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯ ಆಶ್ರಯದಲ್ಲಿರುವವನು. ಆದುದರಿಂದ ಇಡೀ ಕಾರ್ಯಕ್ರಮವನ್ನು ಮೊದಲೇ ಯಂತ್ರಭಾಷೆಗೆ ಪರಿವರ್ತಿಸಿ, ಉಗ್ರಾಣಿಯನ್ನೂ ಅದರೊಳಗೆ ಸೇರಿಸಬೇಕಾಗುತ್ತದೆ. ಸಿ-ಶಾರ್ಪ್‌ನ ಮುಕ್ತ ಯೋಜನೆಯಾದ ಕಾಸ್ಮೋಸ್ ಮಾಡುವುದು ಇದನ್ನೇ. ಯಂತ್ರ ಚಾಲೂ ಆಗುವ ಮೊದಲ ಕ್ಷಣಗಳಿಗೆ ಅಸೆಂಬ್ಲಿ ಭಾಷೆಯ ತುಣುಕುಗಳು ಆಗಲೂ ಬೇಕು.

ಮೈಕ್ರೋಸಾಫ್ಟ್‌ನ ಸಂಶೋಧನಾ ವಿಭಾಗ 2003ರಲ್ಲಿ ಆರಂಭಿಸಿದ ಸಿಂಗ್ಯುಲಾರಿಟಿ ಈ ದಾರಿಯಲ್ಲಿ ಬಹು ದೂರ ಸಾಗಿತು. ಕಾರ್ಯಕ್ರಮಗಳ ನಡುವಿನ ಗೋಡೆಯನ್ನು ಯಂತ್ರಾಂಶವಲ್ಲ, ಭಾಷೆಯ ನಿಯಮವೇ ಕಾಯಬಲ್ಲುದೆಂದು ಅದು ತೋರಿಸಿಕೊಟ್ಟಿತು. 2008ರಲ್ಲಿ ಅದರ ಮೂಲ ಸಂಕೇತ ಸಂಶೋಧಕರಿಗೆ ದೊರೆಯಿತು. ಅದರ ಬೆನ್ನಿಗೆ ಬಂದ ಮಿಡೋರಿಯೂ ಮಾರುಕಟ್ಟೆಯ ಮುಖ ಕಾಣದೆ ನಿಂತುಹೋಯಿತು. ಅಷ್ಟು ದೊಡ್ಡ ಸಂಸ್ಥೆಗೂ ಹಳೆಯ ತಂತ್ರಾಂಶಗಳನ್ನು ಬಿಟ್ಟು ಹೊಸದನ್ನು ಮಾರುವುದು ಸುಲಭವಲ್ಲ.

ವೇಗದ ನಷ್ಟವೆಷ್ಟು? ಎಂಐಟಿಯ ಸಂಶೋಧಕರು ಗೋ ಭಾಷೆಯಲ್ಲಿ ಬರೆದ ಬಿಸ್ಕಿಟ್ ಎಂಬ ತಿರುಳಿನ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಒಂದೇ ಕೆಲಸದ ಸಿ ರೂಪಕ್ಕಿಂತ ಗೋ ರೂಪ ಶೇ. 5ರಿಂದ 15ರಷ್ಟು ನಿಧಾನ. ತೆರವು ಕಾರ್ಯಕ್ಕಾಗಿ ವೆಬ್ ಸರ್ವರ್ ಒಂದು ಒಮ್ಮೆಗೆ ಕಾದ ಗರಿಷ್ಠ ಅವಧಿ 115 ಮೈಕ್ರೋಸೆಕೆಂಡು. ಅಂಗಡಿಯ ಬಿಲ್ಲಿಗೆ ಇದು ಲೆಕ್ಕಕ್ಕೇ ಬಾರದು. ಆದರೆ ಮೆಮೊರಿ ಇಕ್ಕಟ್ಟಾದಷ್ಟೂ ತೆರವಿನ ಹೊರೆ ಏರುತ್ತದೆ, ಅಗ್ಗದ ಉಪಕರಣಗಳಲ್ಲಿ ಇಕ್ಕಟ್ಟಾಗುವುದು ಅದೇ. ಕ್ಷಣ ತಪ್ಪದೆ ಚಲಿಸಬೇಕಾದ ಕತ್ತರಿಸುವ ಯಂತ್ರಕ್ಕೆ ಅನಿರೀಕ್ಷಿತ ವಿರಾಮವೇ ಅಪಾಯ.

ನಿಜವಾದ ಖರ್ಚು ಇರುವುದು ಡ್ರೈವರ್‌ಗಳಲ್ಲಿ. ಮುದ್ರಕ, ಯುಎಸ್‌ಬಿ, ಜಾಲ ಕಾರ್ಡ್ ಇವೆಲ್ಲಕ್ಕೂ ಲಿನಕ್ಸ್‌ನಲ್ಲಿ ಸಿದ್ಧವಾಗಿರುವುದನ್ನು ಹೊಸ ವ್ಯವಸ್ಥೆಯಲ್ಲಿ ಮತ್ತೆ ಬರೆಯಬೇಕು. ಪ್ರಯೋಗಶಾಲೆಯ ವರ್ಚುವಲ್ ಯಂತ್ರದಲ್ಲಿ ಓಡಿದ್ದು ಗಿರಾಕಿಯ ಮೇಜಿನ ಮೇಲೆ ಓಡದಿರಲು ಇದೇ ಕಾರಣ.

ಮಧ್ಯದ ದಾರಿಯೊಂದು ವ್ಯಾಪಾರದಲ್ಲಿ ಆಗಲೇ ಗೆದ್ದಿದೆ. ಸಿಮ್ ಕಾರ್ಡ್, ಬ್ಯಾಂಕ್ ಕಾರ್ಡ್‌ಗಳ ಚಿಪ್‌ಗಳಲ್ಲಿ ವ್ಯಾಪಕವಾಗಿರುವ ಜಾವಾ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ತಳಪಾಯ ಸಿ ಭಾಷೆಯದು, ಮೇಲಿನ ಕಾರ್ಯಕ್ರಮ ಜಾವಾದ್ದು. ಸಿ-ಶಾರ್ಪ್ ಬಲ್ಲವರಿಗೆ ಡಾಟ್‌ನೆಟ್ ನ್ಯಾನೋಫ್ರೇಮ್‌ವರ್ಕ್ ಚಿಕ್ಕ ನಿಯಂತ್ರಕಗಳಲ್ಲಿ ಇದೇ ಅನುಕೂಲವನ್ನು ಉಚಿತವಾಗಿ ಒದಗಿಸುತ್ತದೆ. ಹೀಗಾಗಿ ಪೂರ್ಣ ಸ್ವಂತ ವ್ಯವಸ್ಥೆಗೆ ಮುಂಗಡ ಕೊಡುವ ಮುನ್ನ, ಈಗಿನ ಚಿಪ್ ಮಾರುಕಟ್ಟೆಯಿಂದ ಮರೆಯಾದಾಗ ಹೊಸ ಡ್ರೈವರ್ ಬರೆದುಕೊಡುವವರು ಯಾರು, ಮೂಲ ಸಂಕೇತ ಯಾರ ಸ್ವತ್ತು ಎಂಬ ಎರಡನ್ನೂ ಕರಾರುಪತ್ರದಲ್ಲಿ ಬರೆಸಿಕೊಳ್ಳುವುದು ಲೇಸು.