ನೀರಿಗೆ ಬಿಟ್ಟ ದಾರಿ

ಹಂಪನಕಟ್ಟೆ ಎಂಬ ಹೆಸರಿನ ಬಗ್ಗೆ ಮಂಗಳೂರಿನ ಹಿರಿಯರು ಹೇಳುವ ಒಂದು ಐತಿಹ್ಯವಿದೆ. ಅಪ್ಪಣ್ಣನೆಂಬ ಮುದುಕನೊಬ್ಬನು ಇಲ್ಲಿನ ಬಾವಿಯ ಕಟ್ಟೆಯಲ್ಲಿ ಕುಳಿತು, ಬಾಯಾರಿ ಬಂದ ದಾರಿಹೋಕರಿಗೆ ನೀರು ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆಯೇ ಜನರ ನಾಲಗೆಯಲ್ಲಿ ಹಂಪನಕಟ್ಟೆಯಾಯಿತಂತೆ. ಐತಿಹ್ಯ ಹೇಗೂ ಇರಲಿ, 2022ರಲ್ಲಿ ರಸ್ತೆ ಕೆಲಸಕ್ಕಾಗಿ ನೆಲ ಅಗೆದಾಗ ಹಳೆಯ ಬಾವಿಯೊಂದು ಇಲ್ಲಿ ನಿಜವಾಗಿಯೇ ಕಾಣಿಸಿಕೊಂಡಿತು. ದಿನವೂ ಸಾವಿರಾರು ಜನ ತುಳಿದು ನಡೆಯುತ್ತಿದ್ದ ದಾರಿಯ ಅಡಿಯಲ್ಲಿಯೇ ಬಾವಿಯಿತ್ತು. ಅದರ ನೆನಪು ಮಾತ್ರ ಇರಲಿಲ್ಲ.

ನಾನೀಗ ಹೇಳಹೊರಟಿರುವುದು ಅದೇ ಬೀದಿಯ ಇನ್ನೊಂದು ನೀರಿನ ಮಾತು. ಅದು ಇರುವುದು ನಮ್ಮ ಕಾಲ ಕೆಳಗಲ್ಲ, ತಲೆಯ ಮೇಲೆ. ದೊಡ್ಡ ವಾಣಿಜ್ಯ ಮಳಿಗೆಯೊಂದನ್ನು ಹೊಕ್ಕು ಕತ್ತೆತ್ತಿ ನೋಡಿದರೆ, ಛಾವಣಿಯಲ್ಲಿ ಸಣ್ಣ ಲೋಹದ ಹೂವಿನಂಥ ವಸ್ತುಗಳು ಸಾಲಾಗಿ ತೂಗುವುದು ಕಾಣುತ್ತದೆ. ಅವೇ ಸ್ಪ್ರಿಂಕ್ಲರುಗಳು. ಒಂದೊಂದರ ನಡುವೆಯೂ ಬಣ್ಣದ ದ್ರವ ತುಂಬಿದ ಪುಟ್ಟ ಗಾಜಿನ ಬುರುಡೆಯಿರುತ್ತದೆ. ಕೆಂಪು ದ್ರವದ ಬುರುಡೆ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುತ್ತದೆ, ಹಸಿರಿನದು 93 ಡಿಗ್ರಿಗೆ. ಬುರುಡೆ ಒಡೆದೊಡನೆ ಅದು ತಡೆಹಿಡಿದಿದ್ದ ನೀರು ಕೆಳಗಿನ ಬಿಲ್ಲೆಗೆ ಬಡಿದು ಕೊಡೆಯಾಕಾರದಲ್ಲಿ ಚದುರುತ್ತದೆ. ಸಿನಿಮಾಗಳಲ್ಲಿ ತೋರಿಸುವಂತೆ ಎಲ್ಲವೂ ಒಮ್ಮೆಗೇ ಸುರಿಯುವುದಿಲ್ಲ. ಬೆಂಕಿಯ ನೇರ ಮೇಲಿರುವ ಒಂದೋ ಎರಡೋ ಮಾತ್ರ ಬಾಯಿ ತೆರೆಯುತ್ತವೆ.

ಈ ಉಪಾಯ ಹೊಸದೇನೂ ಅಲ್ಲ. 1874ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ಹೆನ್ರಿ ಪಾರ್ಮಲಿ ಎಂಬವನು ತನ್ನ ಪಿಯಾನೋ ಕಾರ್ಖಾನೆಯ ರಕ್ಷಣೆಗಾಗಿ ಇಂಥ ಸ್ವಯಂಚಾಲಿತ ವ್ಯವಸ್ಥೆಯನ್ನು ಅಳವಡಿಸಿದನು. 1881ರಲ್ಲಿ ಫ್ರೆಡರಿಕ್ ಗ್ರಿನೆಲ್ ಅದನ್ನು ಸುಧಾರಿಸಿದನು. ನಮ್ಮ ದೇಶದಲ್ಲಿ ಇದಕ್ಕೆ ಐ.ಎಸ್. 15105 ಎಂಬ ಮಾನಕವೇ ಇದೆ. ಅಂಗಡಿಗಳಂಥ ಸಾಧಾರಣ ಅಪಾಯದ ಜಾಗದಲ್ಲಿ ಒಂದು ಸ್ಪ್ರಿಂಕ್ಲರಿನ ಪಾಲಿಗೆ 12 ಚದರ ಮೀಟರಿಗಿಂತ ಹೆಚ್ಚು ನೆಲ ಬರಕೂಡದೆಂಬುದು ಸಾಮಾನ್ಯ ನಿಯಮ. ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರಿನಂತೆ ಲೆಕ್ಕ ಹಾಕಿದರೆ, ಒಂದು ಬಾಯಿಂದ ನಿಮಿಷಕ್ಕೆ 60 ಲೀಟರ್ ನೀರು. ಪಾಂಡೇಶ್ವರದಿಂದಲೋ ಕದ್ರಿಯಿಂದಲೋ ಅಗ್ನಿಶಾಮಕ ವಾಹನ ಹಂಪನಕಟ್ಟೆಯ ಸಂಜೆಯ ಸಂದಣಿಯನ್ನು ಸೀಳಿಕೊಂಡು ಬರುವವರೆಗೆ, ಎಳೆಯ ಬೆಂಕಿಯನ್ನು ಎಳೆಯದಾಗಿಯೇ ಇರಿಸಲು ಈ ನೀರು ಸಾಕು.

ಹಾಗಾದರೆ ಕೊಳವೆ ಜೋಡಿಸುವವರನ್ನು ಕರೆದು ಕೆಲಸ ಒಪ್ಪಿಸಿದರೆ ಮುಗಿಯಿತಲ್ಲವೆ? ಅಷ್ಟು ಸುಲಭವಲ್ಲ. ತೊಡಕಿರುವುದು ಉಪಕರಣದಲ್ಲಲ್ಲ, ಕೆಲಸಕ್ಕೂ ಕೆಲಸಕ್ಕೂ ನಡುವಿನ ಸಂದಿನಲ್ಲಿ.

ಕಾಂಕ್ರೀಟಿನ ಛಾವಣಿಗೂ ನಮಗೆ ಕಾಣುವ ಹುಸಿಛಾವಣಿಗೂ ನಡುವೆ ಇರುವುದು ಮೊಳದಷ್ಟು ಜಾಗ. ಅಷ್ಟರಲ್ಲಿಯೇ ತಂಗಾಳಿಯ ದೊಡ್ಡ ನಳಿಗೆ, ವಿದ್ಯುತ್ ತಂತಿಗಳ ತಟ್ಟೆ, ಮೇಲಂತಸ್ತಿನ ಕೊಳೆನೀರಿನ ಕೊಳವೆ, ದೀಪಗಳು ಎಲ್ಲವೂ ಹುದುಗಬೇಕು. ಒಂದೊಂದಕ್ಕೆ ಒಬ್ಬೊಬ್ಬ ಗುತ್ತಿಗೆದಾರ, ಒಂದೊಂದು ನಕ್ಷೆ. ಒಂದೊಂದು ನಕ್ಷೆಯೂ ಬಿಡಿಯಾಗಿ ನೋಡಿದರೆ ನಿರ್ದುಷ್ಟವಾಗಿಯೇ ಇರುತ್ತದೆ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗಲೇ ನಳಿಗೆಯೂ ನೀರ್ಗೊಳವೆಯೂ ಒಂದೇ ಜಾಗಕ್ಕೆ ಹಕ್ಕು ಹೂಡಿರುವುದು ತಿಳಿಯುವುದು. ಈ ಮೇಳವಿಸುವ ಕೆಲಸಕ್ಕೂ ಒಂದು ನ್ಯಾಯವಿದೆ. ಕೊಳೆನೀರು ಇಳಿಜಾರಿಲ್ಲದೆ ಹರಿಯದು, ಆದ್ದರಿಂದ ಅದಕ್ಕೆ ಮೊದಲ ಹಕ್ಕು. ದೊಡ್ಡ ನಳಿಗೆಯನ್ನು ಬಳಸಿ ಒಯ್ಯುವುದು ಕಷ್ಟ, ಅದಕ್ಕೆ ಎರಡನೆಯದು. ಒತ್ತಡದ ನೀರು ಏರಲೂ ಬಲ್ಲದು, ತಿರುಗಲೂ ಬಲ್ಲದು. ಆದ್ದರಿಂದ ಸ್ಪ್ರಿಂಕ್ಲರಿನ ಕೊಳವೆ ತುಸು ಬಗ್ಗಿ ನಡೆಯಬೇಕು. ಆದರೆ ಸ್ಪ್ರಿಂಕ್ಲರಿನ ಬಾಯಿ ಬಗ್ಗುವಂತಿಲ್ಲ. ಅದರ ಕೆಳಗೆ ತೊಲೆಯಾಗಲಿ ನಳಿಗೆಯಾಗಲಿ ಅಡ್ಡ ಬಂದರೆ, ನೀರು ಬೀಳಬೇಕಾದ ಜಾಗ ಒಣಗಿಯೇ ಉಳಿಯುತ್ತದೆ.

ಇದನ್ನು ಕಾಂಕ್ರೀಟು ಸುರಿಯುವ ಮೊದಲೇ ಇತ್ಯರ್ಥ ಮಾಡಬೇಕು. ಕೊಳವೆ ದಾಟಬೇಕಾದಲ್ಲಿ ತೊಲೆಯಲ್ಲಿ ಆಗಲೇ ತೂತು ಬಿಟ್ಟರೆ ಅದು ಜಾಣತನ, ಆಮೇಲೆ ಕೊರೆದರೆ ಕಟ್ಟಡದ ಎಲುಬಿಗೇ ಪೆಟ್ಟು. ಹುಸಿಛಾವಣಿ ಮುಚ್ಚುವ ಮೊದಲು, ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನೀರು ತುಂಬಿಸಿ ಗಂಟೆಗಟ್ಟಲೆ ಪರೀಕ್ಷಿಸಬೇಕು. ಬಣ್ಣ ಬಳಿಯುವವರು ಬರುವಾಗ ಬುರುಡೆಗಳಿಗೆ ಮುಸುಕು ಹಾಕಿರಬೇಕು. ಬಣ್ಣ ಮೆತ್ತಿದ ಬುರುಡೆ ಹೊತ್ತಿಗೆ ಸರಿಯಾಗಿ ಒಡೆಯುವುದಿಲ್ಲ, ಅದನ್ನು ಒರೆಸಿ ಉಳಿಸಿಕೊಳ್ಳುವಂತಿಲ್ಲ, ಬದಲಿಸಲೇಬೇಕು.

ಇನ್ನು ತೂತುಗಳ ಮಾತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಿತು. 9 ಮಂದಿ ಸತ್ತರು. ಹೊಗೆ ವಿದ್ಯುತ್ ತಂತಿಗಳ ಓಣಿಯನ್ನು ಹಿಡಿದು ಅಂತಸ್ತಿನಿಂದ ಅಂತಸ್ತಿಗೆ ಏರಿತ್ತು. ಉಸಿರುಗಟ್ಟಿದವರು ಕಿಟಕಿಗಳಿಂದ ಹಾರಿದರು. ತಂತಿಗಾಗಲಿ ನೀರಿಗಾಗಲಿ ನೆಲವನ್ನು ಕೊರೆದವರು ಕೆಲಸ ಮುಗಿದ ಮೇಲೆ ಆ ಸಂದನ್ನು ಬೆಂಕಿ ತಡೆಯುವ ಮಸಾಲೆಯಿಂದ ಮುಚ್ಚದಿದ್ದರೆ, ಅಂಥ ದಾರಿ ಎಲ್ಲಿಯೂ ತೆರೆದುಕೊಳ್ಳಬಹುದು. ಕೊರೆಯುವುದು ಒಬ್ಬನ ಕೆಲಸ, ಮುಚ್ಚುವುದು ಯಾರ ಕೆಲಸವೂ ಅಲ್ಲ ಎಂದಾದಲ್ಲಿ ಸ್ಪ್ರಿಂಕ್ಲರುಗಳಿದ್ದೂ ಹೊಗೆಗೆ ದಾರಿ ಉಳಿಯುತ್ತದೆ.

ಕಟ್ಟಡ ಮುಗಿದ ಮೇಲೂ ಹೊಂದಾಣಿಕೆ ಮುಗಿಯುವುದಿಲ್ಲ. ಒಮ್ಮೆ ಬಟ್ಟೆಯಂಗಡಿಯೊಂದಕ್ಕೆ ಹೋಗಿದ್ದೆ, ಹೆಸರು ಬೇಡ. ಹೊಸ ಬಾಡಿಗೆದಾರರು ಅಂದವಾದ ಮರದ ಛಾವಣಿಯೊಂದನ್ನು ಹೊಸದಾಗಿ ಇಳಿಬಿಟ್ಟಿದ್ದರು. ಸ್ಪ್ರಿಂಕ್ಲರುಗಳೆಲ್ಲಿ ಎಂದು ಕೇಳಿದೆ. “ಇವೆ, ಅದರ ಮೇಲೆ ಇವೆ” ಎಂದು ಯಜಮಾನರು ನಗುತ್ತಲೇ ಹೇಳಿದರು. ಬೆಂಕಿ ಹತ್ತುವುದು ಸೀರೆಗಳಿಗೆ, ನೀರು ಸುರಿಯುವುದು ಹಲಗೆಯ ಬೆನ್ನಿಗೆ! ಅವರನ್ನು ದೂರಿ ಫಲವಿಲ್ಲ. ಮಳಿಗೆಯ ಬೀಗದ ಕೈಯೊಡನೆ ನೀರಿನ ನಕ್ಷೆಯನ್ನೂ ಅವರಿಗೆ ಕೊಡಬೇಕಾಗಿತ್ತು, ಯಾರೂ ಕೊಟ್ಟಿರಲಿಲ್ಲ. ಕಚೇರಿಯಿದ್ದಲ್ಲಿ ನಾಳೆ ಹೋಟೆಲಿನ ಅಡುಗೆಮನೆ ಬಂದರೆ, ಒಲೆಯ ಮೇಲಿನ ಕೆಂಪು ಬುರುಡೆ ಹೋಗಿ ಹಸಿರು ಬರಬೇಕು. ಒಂದು ಕೋಣೆಯನ್ನು ಗೋಡೆಯೆಬ್ಬಿಸಿ ಎರಡು ಮಾಡಿದರೆ, ನೀರೂ ಎರಡಾಗಬೇಕು.

ಕೊನೆಯದಾಗಿ, ಆ ನೀರು ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಮುಗಿಲೇ ಹರಿದು ಬೀಳುವ ನಮ್ಮೂರು ಬೇಸಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ಮಟ್ಟವನ್ನು ನೋಡಿಕೊಂಡು ಕೊಡ ತುಂಬುತ್ತದೆ. 2019ರ ಬೇಸಗೆಯಲ್ಲಿ ಸರದಿಯ ಮೇಲೆ ನೀರು ಬಿಟ್ಟದ್ದನ್ನು ನಾವು ಮರೆತಿಲ್ಲ. ಅಂಥ ದಿನಗಳಲ್ಲಿ ಬೆಂಕಿಗೆಂದು ಕಾದಿಟ್ಟ ತೊಟ್ಟಿಯ ಮೇಲೆ ಯಾರ ಕಣ್ಣೂ ಬೀಳುವುದು ಸಹಜ. ಬಲ್ಲವರು ಇದಕ್ಕೊಂದು ಸರಳ ಉಪಾಯ ಮಾಡುತ್ತಾರೆ. ಬಂದ ನೀರು ಮೊದಲು ಬೆಂಕಿಯ ತೊಟ್ಟಿಯನ್ನು ತುಂಬಿ, ಅದು ಉಕ್ಕಿದ ಮೇಲೆಯೇ ಬಳಕೆಯ ತೊಟ್ಟಿಗೆ ಹರಿಯುವಂತೆ ಕೊಳವೆ ಇಡುತ್ತಾರೆ. ಇದರಿಂದ ಕಾದಿಟ್ಟ ನೀರು ಹಳಸುವುದೂ ಇಲ್ಲ, ಖಾಲಿಯಾಗುವುದೂ ಇಲ್ಲ. ತೊಟ್ಟಿಯನ್ನು ಕಟ್ಟುವವರೂ ಪಂಪು ಕೂರಿಸುವವರೂ ಮೊದಲ ದಿನವೇ ಒಟ್ಟಿಗೆ ಕುಳಿತು ಮಾತನಾಡಿದರೆ ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಆಮೇಲೆ ಮಾಡಹೊರಟರೆ ಗೋಡೆ ಒಡೆಯಬೇಕು.

ಯಾರೆಂದು ತಿಳಿಯದ ದಾರಿಹೋಕನಿಗಾಗಿ ನೀರನ್ನು ಕಾದಿಟ್ಟವನು ಐತಿಹ್ಯದ ಅಪ್ಪಣ್ಣ. ಛಾವಣಿಯ ಆ ಪುಟ್ಟ ಬುರುಡೆಗಳ ಹಿಂದೆ ನಿಂತ ನೀರೂ ಯಾವ ಅಂಗಡಿಯವನ ಸ್ವಂತದ್ದೂ ಅಲ್ಲ. ಆ ದಿನ ಆ ಹೊತ್ತಿಗೆ ಅಲ್ಲಿ ಇರಬಹುದಾದ ಯಾವನೋ ಗಿರಾಕಿಯದು, ಯಾವಳೋ ಕೆಲಸದ ಹುಡುಗಿಯದು. ಇನ್ನೊಮ್ಮೆ ಹಂಪನಕಟ್ಟೆಯ ಮಳಿಗೆಯೊಂದನ್ನು ಹೊಕ್ಕಾಗ ತಾವು ಒಂದು ಗಳಿಗೆ ಕತ್ತೆತ್ತಿ ನೋಡಿ. ಆ ಲೋಹದ ಹೂವು ಕಾಣದಿದ್ದರೆ, ಎಲ್ಲಿದೆ ಎಂದು ಯಜಮಾನರನ್ನು ಸೌಜನ್ಯದಿಂದಲೇ ಕೇಳಿ.