ಸಹಸ್ರಸಂವತ್ಸರ ಸತ್ರವೂ ರಾಮಾಯಣದ ವರ್ಷಗಣನೆಯೂ

ದಶರಥನು ತನಗೆ 60,000 ವರ್ಷಗಳಾದುವೆಂದು ವಿಶ್ವಾಮಿತ್ರನಿಗೆ ಹೇಳುವುದೂ, ಶ್ರೀರಾಮನು 11,000 ವರ್ಷ ರಾಜ್ಯವಾಳಿದನೆಂಬುದೂ ವಾಲ್ಮೀಕಿರಾಮಾಯಣದಲ್ಲಿ ಪ್ರಸಿದ್ಧವಾಗಿವೆ. ಶ್ರುತಿಯಾದರೋ ಪುರುಷನನ್ನು ಶತಾಯುವೆನ್ನುತ್ತದೆ. ಈ ವಿರೋಧವನ್ನು ಪರಿಹರಿಸಲು ಕೆಲವರು ವರ್ಷವೆಂದರೆ ದಿನವೆಂದು ಅರ್ಥಮಾಡಿ, ಪೂರ್ವಮೀಮಾಂಸೆಯನ್ನು ಆಧಾರವಾಗಿ ತೋರಿಸುವರು. ಆ ಆಧಾರವು ಈ ಭಾರವನ್ನು ಹೊರಬಲ್ಲುದೇ ಎಂಬುದು ವಿಚಾರಣೀಯವು.

ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ ಈ ಚರ್ಚೆಯಿದೆ. ವಿಶ್ವಸೃಜಾಮಯನವೆಂಬ ಸತ್ರಕ್ಕೆ ಸಹಸ್ರಸಂವತ್ಸರಗಳು ವಿಹಿತವಾಗಿವೆ. ಅಷ್ಟು ಕಾಲ ಬದುಕಿ ಅದನ್ನು ಮಾಡುವವರಾರು? ಗಂಧರ್ವಾದಿಗಳೆಂದರೆ, ಶಾಸ್ತ್ರವು ಮನುಷ್ಯರಿಗಾಗಿ ಹೊರಟುದು. ರಸಾಯನಸೇವನೆಯಿಂದ ಆಯುಸ್ಸು ಬೆಳೆಯುವುದೆಂದರೆ, ರಸಾಯನಕ್ಕೆ ಅಷ್ಟು ಶಕ್ತಿಯು ಎಲ್ಲಿಯೂ ಕಂಡುದಿಲ್ಲ. (ಶಬರಸ್ವಾಮಿಯ ಈ ನಿಷ್ಠುರತೆಯು ಮೆಚ್ಚತಕ್ಕದ್ದು.) ವಂಶಪರಂಪರೆಯಾಗಿ ನಡೆಸಬಹುದೆಂದರೆ, ಆರಂಭಿಸಿದವನೇ ಮುಗಿಸಬೇಕು. 250 ಜನರು ಕೂಡಿ 4 ವರ್ಷಗಳಲ್ಲಿ ಮುಗಿಸುವರೆಂದರೆ, ಸತ್ರದಲ್ಲಿ ಯಜಮಾನರು 24ಕ್ಕೆ ಮೀರುವಂತಿಲ್ಲ. ಕಡೆಗೆ ಸಂವತ್ಸರಶಬ್ದಕ್ಕೆ ದಿನವೇ ಅರ್ಥವೆಂದು ಸಿದ್ಧಾಂತವಾಯಿತು. ಇದಕ್ಕೆ ಆಯುಸ್ಸಿನ ಅಲ್ಪತೆಯೊಂದೇ ಕಾರಣವಲ್ಲ. ವಿಧಿವಾಕ್ಯದಲ್ಲಿಯೇ ಸಂವತ್ಸರಗಳಿಗೆ ತ್ರಿವೃತ್, ಪಂಚದಶ ಮೊದಲಾದ ಸ್ತೋಮನಾಮಗಳು ವಿಶೇಷಣಗಳಾಗಿವೆ. ಈ ಸ್ತೋಮಗಳು ಸತ್ರದ ಒಂದೊಂದು ದಿನಕ್ಕೆ ಸಲ್ಲುವುವೇ ಹೊರತು ವರ್ಷಕ್ಕಲ್ಲ. ನೆರೆಯ ಪದವೇ ಲಕ್ಷಣೆಗೆ ದಾರಿಯಾಯಿತು.

ರಾಮಾಯಣದಲ್ಲಿ ಅಂತಹ ನೆರೆಯ ಪದವೆಲ್ಲಿದೆ? 11,000 ದಿನಗಳೆಂದರೆ ಸುಮಾರು 30 ವರ್ಷ; ಇದು ಹೊಂದುತ್ತದೆ, ನಿಜ. ಆದರೆ 60,000 ದಿನಗಳು 160 ವರ್ಷಗಳನ್ನು ಮೀರುವುದರಿಂದ ದಶರಥನು ಆಗಲೂ ಶತಾಯುವಾಗಲಾರನು. ಹದಿನಾಲ್ಕು ವರ್ಷಗಳ ವನವಾಸವಾದರೋ ಹದಿನಾಲ್ಕೇ ದಿನಗಳಾಗಿ, ಭರತನು ನಂದಿಗ್ರಾಮದಲ್ಲಿ ಕಾದುದೇ ವ್ಯರ್ಥವಾದೀತು! ಒಂದೇ ಗ್ರಂಥದಲ್ಲಿ ಬೇಕಾದೆಡೆ ದಿನ, ಬೇಡವಾದೆಡೆ ವರ್ಷವೆಂಬುದು ಮೀಮಾಂಸೆಯಲ್ಲ.

ಪತಂಜಲಿಯ ರೀತಿಯೇ ಬೇರೆ. ಈಗ ಬಹಳ ಕಾಲ ಬದುಕುವವನೂ ನೂರು ವರ್ಷ ಬದುಕುವನೆಂದು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಅವನು ಸ್ಪಷ್ಟವಾಗಿ ಹೇಳುತ್ತಾನೆ. ಅಲ್ಲಿಯೇ ಸಾವಿರ ವರ್ಷದ ಸತ್ರಗಳನ್ನೂ ಹೆಸರಿಸಿ, ಈಗ ಯಾರೂ ಅವನ್ನು ಮಾಡರು, ಆದರೂ ಯಾಜ್ಞಿಕರು ಸಂಪ್ರದಾಯದಿಂದ ಅವುಗಳ ವಿಧಿಯನ್ನು ಕಲಿಸುವರು ಎಂದಷ್ಟೇ ಹೇಳಿ, ಸಂಖ್ಯೆಯನ್ನು ಮುಟ್ಟದೆ ಮುಂದೆ ಸಾಗುತ್ತಾನೆ.