ಹಿತ್ತಲ ಬೇಲಿ ಬದಲಿಸುವಾಗ ಬಳ್ಳಿಗಳ ರಕ್ಷಣೆ

ದಾವಣಗೆರೆ ನಗರದ ಹಿತ್ತಲುಗಳಲ್ಲಿಯೂ ಹರಿಹರದ ಸುತ್ತಲಿನ ಹಳ್ಳಿಗಳಲ್ಲಿಯೂ ಜಾಲಿಮುಳ್ಳಿನ ಒಣಬೇಲಿ, ಬಿದಿರಿನ ತಡಿಕೆ ತೆಗೆದು ಕಲ್ಲುಕಂಬ ಮತ್ತು ತಂತಿಬಲೆ ಹಾಕಿಸುವುದುಂಟು. ಆಗ ಹಳೆಯ ಬೇಲಿಯೊಡನೆ ಅದರ ಮೇಲೆ ಹಬ್ಬಿದ ತೊಂಡೆ, ಮಲ್ಲಿಗೆ, ವೀಳ್ಯದೆಲೆ ಬಳ್ಳಿಗಳನ್ನೂ ಕಿತ್ತುಹಾಕುವುದು ದೊಡ್ಡ ನಷ್ಟ. ಮೇಲಿನ ಹಬ್ಬು ಮತ್ತೆ ಬರುತ್ತದೆ. ಹಲವು ವರ್ಷ ಬೆಳೆದ ಬೇರು ಹೋದರೆ ಮೊದಲಿನಿಂದ ನೆಡಬೇಕು.

ಈ ವಿಷಯದಲ್ಲಿ ಎಲೆಬಳ್ಳಿ ತೋಟದವರ ಅನುಭವ ಉಪಯುಕ್ತ. ಬಳ್ಳಿ ಸುಮಾರು 3 ಮೀಟರ್ ಏರಿದ ಮೇಲೆ ಎಲೆಯ ಗಾತ್ರ ಕುಗ್ಗುತ್ತದೆ. ಆಗ ಅದನ್ನು ಆಸರೆ ಮರದಿಂದ ಬಿಡಿಸಿ, ಕೆಳಗಿಳಿಸಿ, ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚುತ್ತಾರೆ. ತುದಿಯನ್ನು ಮಾತ್ರ ಹೊರಗೆ ಬಿಟ್ಟು ಪುನಃ ಮರಕ್ಕೆ ಕಟ್ಟುತ್ತಾರೆ. ಮಣ್ಣಿನಲ್ಲಿ ಸೇರಿದ ಗೆಣ್ಣುಗಳಿಂದ ಹೊಸ ಚಿಗುರು ಹೊರಡುತ್ತದೆ. ಬೇಲಿಯ ಮೇಲಿನ ಎಲೆಬಳ್ಳಿಗೂ ಇದೇ ಕ್ರಮ ಸಾಕು. ಮಾರ್ಚ್-ಏಪ್ರಿಲ್ ತಿಂಗಳು ಸೂಕ್ತ. ಇಳಿಸಿದ ಕೂಡಲೇ ನೀರು ಕೊಡಬೇಕು. ಬೇಲಿಯ ನೆರಳು ಹೋಗಿರುವುದರಿಂದ ತೆಂಗಿನ ಗರಿಗಳನ್ನು ಮುಚ್ಚಿ ಕಾಪಾಡಬೇಕು.

ತೊಂಡೆಯ ಬೆಳವಣಿಗೆ ಚಳಿಗಾಲದಲ್ಲಿ ನಿಧಾನವಾಗುತ್ತದೆ. ಆಗ ಬುಡದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿದರೆ ನಷ್ಟ ಕಡಿಮೆ. ಕತ್ತರಿಸಿದ ಬಳ್ಳಿಯಿಂದ ನಾಲ್ಕೈದು ಗೆಣ್ಣುಗಳ ಕಡ್ಡಿಗಳನ್ನು ನೆಟ್ಟಿಟ್ಟುಕೊಳ್ಳುವುದು ಜಾಣತನ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಗಂಡು ಬಳ್ಳಿಯೂ ಬರಬಹುದು; ಕಾಯಿ ಬಿಡುತ್ತಿದ್ದ ಬಳ್ಳಿಯ ಕಡ್ಡಿಗೆ ಆ ಸಂದೇಹವಿಲ್ಲ.

ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರದಲ್ಲಿ, ಜಾಜಿಯನ್ನು ಡಿಸೆಂಬರ್ ಕೊನೆಯಲ್ಲಿ, ನೆಲದಿಂದ ಸುಮಾರು 45 ಸೆಂ.ಮೀ. ಎತ್ತರಕ್ಕೆ ಸವರಬೇಕು. ಬೇಲಿ ಕೆಲಸವನ್ನು ಫೆಬ್ರವರಿ, ಮಾರ್ಚ್‌ಗೆ ಮುಂದೂಡಿ ಆಗ ಮಲ್ಲಿಗೆ ಕತ್ತರಿಸಿದರೆ ಬೇಸಿಗೆಯ ಹೂವು ಕೈಬಿಟ್ಟು ಹೋಗುತ್ತದೆ. ಹೀರೆ, ಹಾಗಲ, ಪಡವಲಗಳ ವಿಷಯ ಸುಲಭ: ಫಸಲು ಮುಗಿಯುವವರೆಗೆ ಕಾದರಾಯಿತು. ಅಮೃತಬಳ್ಳಿಗಂತೂ ಆರೈಕೆಯ ಅಗತ್ಯವೇ ಇಲ್ಲ. ಬುಡ ಕಡಿದರೂ ಮೇಲಿನ ಕಾಂಡ ದಾರದಂತಹ ಬೇರುಗಳನ್ನು ಇಳಿಬಿಟ್ಟು ಬದುಕಿಕೊಳ್ಳುತ್ತದೆ. ಅದರ ತುಂಡುಗಳನ್ನು ತಿಪ್ಪೆಗೆ ಎಸೆಯದಿರುವುದು ಲೇಸು.

ಕೆಲಸದ ದಿನ ಬಳ್ಳಿಯನ್ನು ಬೇಲಿಯಿಂದ ಎಳೆಯಬಾರದು. ಬಿದಿರು, ಹಗ್ಗಗಳನ್ನೇ ತುಂಡರಿಸಿ ಒಂದೊಂದಾಗಿ ಹೊರತೆಗೆಯಬೇಕು. ಕಂಬದ ಗುಂಡಿ ಬುಡದಿಂದ ಕನಿಷ್ಠ ಒಂದೂವರೆ ಅಡಿ ದೂರವಿರಲಿ. ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ಗುಂಡಿ ತೋಡಿದರೆ ಮಣ್ಣು ಅಂಟಿ ಕೆಲಸ ಸಾಗದು, ಕಂಬವೂ ವಾಲುತ್ತದೆ. ಬಳ್ಳಿಯ ಗಾಯಗಳು ಕೊಳೆಯುವ ಭಯ ಬೇರೆ. ಸಿಮೆಂಟ್ ಕಲಸಿದ ಬಾಂಡಲಿ ತೊಳೆದ ನೀರನ್ನು ಬಳ್ಳಿಯ ಪಾತಿಗೆ ಚೆಲ್ಲಬಾರದು, ಅದು ತೀವ್ರ ಕ್ಷಾರ. ಹೊಸ ಚಿಗುರುಗಳನ್ನು ಬಾಳೆನಾರು ಅಥವಾ ಸೆಣಬಿನ ದಾರದಿಂದ ಸಡಿಲವಾಗಿ ಕಟ್ಟಬೇಕು. ತಂತಿಯಿಂದ ಬಿಗಿದರೆ ಕಾಂಡ ದಪ್ಪವಾದಂತೆ ಅದನ್ನು ಕೊರೆಯುತ್ತದೆ.